ರಿಪೇರಿ ಕಾಕಾನ ಸಿಟ್ಟು

ರಿಪೇರಿ ಕಾಕಾನ ಬಲಗಣ್ಣಿನ ಸುತ್ತ ಬಳೆ ಒತ್ತಿದಂಥ ಗುರುತಿತ್ತು. ದಿನವಿಡೀ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತು ಆದದ್ದು. ಶಹಾಪುರದ ಬಸ್ ಸ್ಟ್ಯಾಂಡ್ ಹಿಂದೆ ಅವರ ಅಂಗಡಿ, ಪಕ್ಕದಲ್ಲಿ ನನ್ನ ಫೋಟೋ ಸ್ಟುಡಿಯೋ. ಮೊಬೈಲು ಬಿಚ್ಚುವಾಗ ಬೈಯುತ್ತಲೇ ಇರುತ್ತಿದ್ದರು. ಗಿರಾಕಿಯನ್ನಲ್ಲ, ಹಿಂದೆ ಅದನ್ನು ಅರೆಬರೆ ರಿಪೇರಿ ಮಾಡಿದವನನ್ನು.

ರಾಮಸಮುದ್ರದಲ್ಲಿ ಒಂದು ಕುಬಸದ, ಅಂದರೆ ಸೀಮಂತದ, ವಿಡಿಯೋ ತೆಗೆದಿದ್ದೆ. ಆ ಬಸುರಿ ಹೆರಿಗೆಯಲ್ಲಿ ತೀರಿಹೋದಳು. ಕೂಸು ಉಳಿಯಿತು. ಗಂಡ ವಿಡಿಯೋ ಕೇಳಿ ಬಂದಾಗಲೇ ನಾನು ಕ್ಯಾಮೆರಾದ ಮೆಮೊರಿ ಕಾರ್ಡ್ ತೆರೆದದ್ದು. ರಂಗೋಲಿ ಇತ್ತು, ನೆಂಟರಿದ್ದರು. ಆಕೆ ಬಂದು ಕೂರುವ ಮೊದಲೇ ವಿಡಿಯೋ ನಿಂತಿತು. ನಾಳೆ ಬಾ ಎಂದು ಅವನನ್ನು ಕಳಿಸಿ ಕಾಕಾನ ಹತ್ತಿರ ಓಡಿದೆ.

"ಮ್ಯಾಲ ಅರವತ್ನಾಲ್ಕು ಜಿಬಿ ಅಂತ ಬರದಾರ. ಒಳಗ ಎಂಟ ಅದ. ಎಂಟು ತುಂಬಿದ ಮ್ಯಾಲ ತಗದಿದ್ದು ಯಾವುದೂ ಉಳಿಯಂಗಿಲ್ಲ," ಎಂದರು ಕಾಕಾ. ಕಾರ್ಡನ್ನು ಮೇಜಿನ ಮೇಲೆ ಕುಕ್ಕಿದರು. "ಚಿಪ್ ಹೆಂಗ ಮಾಡ್ತಾರ ಗೊತ್ತೇನು ಮಗಳ? ಸಿಲಿಕಾನ್ ತೆಳ್ಳಗ ಕೊಯ್ದು, ಬೆಳಕಿಲೆ ಗೆರಿ ಮೂಡಿಸಿ, ಆಸಿಡ್‌ಲೆ ಕೊರೀತಾರ. ಮೊದಲ ಒಂದ ಅಂತಸ್ತಿತ್ತು. ಈಗ ಅಷ್ಟರಾಗ ನೂರು ಅಂತಸ್ತು ಏರಿಸ್ಯಾರ. ಒಂದು ಧೂಳಿನ ಕಣ ಬಿದ್ರ ಮುಗೀತು. ಅದಕ್ಕ ಒಂದೊಂದೂ ಪರೀಕ್ಷಾ ಮಾಡಿ ಕೆಟ್ಟದ್ದು ತಗೀತಾರ. ಅಷ್ಟು ಮಂದಿ ಅಷ್ಟು ಜ್ವಾಕಿ ಮಾಡಿ ತಗದಿದ್ದನ್ನ ಈ ಕಳ್ಳ ಮಕ್ಕಳು ಆಯ್ದು, ಲೇಬಲ್ ಹಚ್ಚಿ ಮಾರ್ತಾರ."

ಆವತ್ತೇ ನನ್ನನ್ನು ಕರೆದುಕೊಂಡು ಯಾದಗಿರಿಯ ಬಸ್ ಹತ್ತಿದರು. ಕಾರ್ಡ್ ಮಾರಿದ ಹೋಲ್‌ಸೇಲ್ ವ್ಯಾಪಾರಿ ನಕ್ಕ.

"ಕಮ್ಮಿ ರೇಟಿಂದು ಕೇಳವ್ರು ನೀವ ಅಲ್ರಿ?"

"ಸತ್ತಾಕಿ ಮುಖ ಹೋಗ್ಯದ. ಅದಕ್ಕ ಏನು ರೇಟು ಹಚ್ಚತಿ, ಹೇಳು," ಎಂದರು ಕಾಕಾ. ಅವನು ಬೇರೆ ಗಿರಾಕಿಯ ಕಡೆ ತಿರುಗಿದ.

ಬಸ್ಸಿನಲ್ಲಿ ಆ ಸಿಟ್ಟು ನನ್ನ ಮೇಲೆ ತಿರುಗಿತು.

"ನೀನರ ಕಾರ್ಡ್ ಪೂರಾ ತುಂಬಿಸಿ ನೋಡಿದೇನು? ನಾಳೆ ಅವ ಬರೂತನಾ ಕಾಯಬ್ಯಾಡ, ನೀನ ಹೋಗು. ಮಷೀನ್ ಕೆಟ್ತು ಅಂತ ಸುಳ್ಳು ಹೇಳಬ್ಯಾಡ. ಸೋವಿದು ತಗೊಂಡೆ, ನೋಡಲಿಲ್ಲ ಅಂತ ಹೇಳು."

ಹೋಗಿ ಹಾಗೆಯೇ ಹೇಳಿದೆ. ಅವನು ಕೂಸನ್ನು ಎತ್ತಿಕೊಂಡು ಒಳಗೆ ಹೋದ. ಅವನ ತಾಯಿ ಬಾಗಿಲು ಹಾಕಿಕೊಂಡಳು.

ಹೋದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ತುಂಬ ಸಿಟ್ಟಿನ ಮನುಷ್ಯ ಎಂದು ಮಣ್ಣಿಗೆ ಬಂದವರು ಮಾತಾಡಿಕೊಂಡರು. ಹೌದು. ಅಂದು ರಾಮಸಮುದ್ರದ ಆ ಮನೆಗೆ ನಾನೇ ಹೋಗಿ ನಿಜ ಹೇಳಿದ್ದು ಆ ಸಿಟ್ಟಿನಿಂದಲೇ.