ಸ್ಪ್ಯಾನಿಷ್ ಪಾಠದೊಳಗೆ ಬಂದ ಉಂಡಿ ಡಬ್ಬಿ

ಕೇಳಿ ಗೆಳೆಯರೇ, ಇವತ್ತು ನನ್ನ ಸ್ಪ್ಯಾನಿಷ್ ಓದು ಅವ್ವನ ಕೈಗೆ ಸಿಕ್ಕಿತು. ನಾಳೆ ಕ್ಲಾಸಿನಲ್ಲಿ ಪರೀಕ್ಷೆ. ಕೊಟ್ಟ ವಸ್ತುವಿಗೆ ಒಂದು ಸರ್ವನಾಮ, ಪಡೆದವರಿಗೆ ಇನ್ನೊಂದು. ನನಗೆ ಎರಡೂ ಅದಲುಬದಲಾಗುತ್ತವೆ. ಮನೆಯದೇ ಉದಾಹರಣೆಯಾದರೆ ನೆನಪಿದ್ದೀತೆಂದು ಜೋರಾಗಿ ಹೇಳಿಕೊಂಡೆ: "ಪದ್ಮಕ್ಕಗ ಉಂಡಿ ಕೊಟ್ಟೆ. ಉಂಡಿಗೆ 'ಲೋಸ್', ಪದ್ಮಕ್ಕಗ 'ಲೆ'."

ಅಡುಗೆಮನೆಯಿಂದ ಅವ್ವ ಕೂಗಿದಳು: "ಉಂಡಿ ಕೊಟ್ಟು ಹದಿನೈದು ದಿನ ಆತು. ನನ್ನ ಸ್ಟೀಲ್ ಡಬ್ಬಿ ಎಲ್ಲೈತಿ?"

"ಅವ್ವಾ, ಪಾಠದಾಗ ಡಬ್ಬಿ ಇಲ್ಲ."

"ಮತ್ತ ಉಂಡಿ ಏನ್ ಉಡ್ಯಾಗ ಕಟ್ಟಿ ಕೊಟ್ಟಿ? ಹೋಗಿ ಇಸ್ಕೊಂಡು ಬಾ, ಆಮ್ಯಾಲೆ ಓದು."

ಅಷ್ಟರಲ್ಲೇ ಬಾಗಿಲ ಬೆಲ್ ಆಯಿತು. ಪಕ್ಕದ ಫ್ಲ್ಯಾಟಿನ ಪದ್ಮಕ್ಕನೇ! ಡಬ್ಬಿ ತುಂಬ ಬಿಸಿ ಪುಳಿಹೋರ, ಅಂದರೆ ನಮ್ಮ ಪುಳಿಯೋಗರೆ. "ಖಾಲಿ ಡಬ್ಬಾ ಎಲಾ ಇಸ್ತಾನಮ್ಮಾ?" ಎಂದು ತೆಲುಗಿನಲ್ಲೇ ನಕ್ಕರು. ಖಾಲಿ ಕೊಡಲು ಮನಸ್ಸಾಗದೆ ಇಷ್ಟು ದಿನ ತಡವಾಯಿತಂತೆ. ಅವ್ವ ಕರಗಿಹೋದಳು.

ಅವರು ಹೋದ ಮೇಲೆ ಪುಳಿಹೋರ ಸುರಿದುಕೊಂಡು ಡಬ್ಬಿ ತಿರುಗಿಸಿದರೆ, ತಳದಲ್ಲಿ ಕೆತ್ತಿದ್ದು ಪದ್ಮಕ್ಕನ ಹೆಸರು! ನಮ್ಮ ಡಬ್ಬಿ ಇನ್ನೂ ಅವರಲ್ಲೇ ಇದೆ. ಅವರದನ್ನು ಖಾಲಿ ಕೊಡುವಂತೆಯೂ ಇಲ್ಲ. ಅವ್ವ ಈಗ ಮತ್ತೆ ಉಂಡಿ ಕಟ್ಟಲು ಶೇಂಗಾ ಹುರಿಯುತ್ತಿದ್ದಾಳೆ.

ಪರೀಕ್ಷೆ ಏನೇ ಆಗಲಿ, ಉದಾಹರಣೆಗಳಿಗಂತೂ ನನಗೆ ಬರವಿಲ್ಲ.