ಸೇತುವೆಯ ಮೇಲಿನ ದೀಪ

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು. ಎಳೆಗೂಸಾಗಿದ್ದಾಗಲೇ ಹೆತ್ತಮ್ಮ ಅವಳನ್ನು ದೊಡ್ಡಮ್ಮನ ಮಡಿಲಿಗೆ ಹಾಕಿ ಹೋಗಿದ್ದಳು. ಮತ್ತೆ ಈ ಕಡೆ ತಲೆಹಾಕಲಿಲ್ಲ. ಆ ಮಾತನ್ನು ಅವಳು ಯಾರ ಹತ್ತಿರವೂ ಎತ್ತಿದ್ದಿಲ್ಲ. ತಾನು ಆಡುವ ವಿಡಿಯೊ ಗೇಮಿನ ನಾಯಕ ಯಾರ ಮಗ ಎಂಬುದರ ಬಗ್ಗೆ ಮಾತ್ರ ದಣಿವಿಲ್ಲದೆ ವಾದಿಸುತ್ತಿದ್ದಳು. ಅವನೂ ತಾಯಿಯಿಲ್ಲದೆ ಬೆಳೆದವನು, ಪಾಳು ಸೇತುವೆಯ ಮೇಲೆ ಸಿಕ್ಕ ಕೂಸು.

ಅವನು ರಾಜನ ಮಗನೆಂದು ಕೆಲವು ಅಭಿಮಾನಿಗಳು, ಡ್ರ್ಯಾಗನ್ ವಂಶದವನೆಂದು ಇನ್ನು ಕೆಲವರು. ತಾಯಿ ಸತ್ತಿದ್ದಾಳೆ ಎಂಬುದರಲ್ಲಿ ಎಲ್ಲರೂ ಒಂದೇ. ಇವಳು ಒಪ್ಪಲಿಲ್ಲ. ಆಟದ ಮೂರು ಭಾಗಗಳಲ್ಲೂ ಆ ಸೇತುವೆಯ ಮೇಲೊಂದು ದೀಪ ಉರಿಯುತ್ತಿತ್ತು. ಎಣ್ಣೆ ಹಾಕುವವರಿಲ್ಲದೆ ದೀಪ ಉರಿಯುವುದಿಲ್ಲ. ತಾಯಿ ಬದುಕಿದ್ದಾಳೆ, ಮಗನನ್ನು ಹುಡುಕಿಕೊಂಡು ಬಂದು ಹೋಗುತ್ತಿದ್ದಾಳೆ ಎಂಬುದು ಅವಳ ವಾದ.

“ಎಣ್ಣೆ ತನಿಖೆ ಎಲ್ಲಿಗೆ ಬಂತು, ಪತ್ತೇದಾರಮ್ಮಾ?” ಎಂದು ದೊಡ್ಡಮ್ಮನ ಮಗ ಕಾಲೆಳೆಯುತ್ತಿದ್ದ.

ನಾಲ್ಕನೆಯ ಭಾಗ ಬಂದಾಗ ಇಬ್ಬರೂ ಕೂತು ಆಡಿದರು. ನಾಯಕನ ತಾಯಿ ನಿಜಕ್ಕೂ ಬದುಕಿದ್ದಳು, ಪಕ್ಕದ ಊರಿನಲ್ಲೇ, ಗಂಡ ಮಕ್ಕಳೊಂದಿಗೆ. ದೀಪ ಹಚ್ಚುತ್ತಿದ್ದವನು ಸೇತುವೆಯ ಮುದಿ ಕಾವಲುಗಾರ. ನಾಯಕ ಬಾಗಿಲು ತಟ್ಟಿ ತಾನು ಯಾರೆಂದು ಹೇಳಿದ. “ನೀನು ಇಲ್ಲಿಗೆ ಬರಬಾರದಿತ್ತು” ಎಂದು ತಾಯಿ ಕದ ಹಾಕಿಕೊಂಡಳು.

“ಏ, ನೀನು ಹೇಳಿದ್ದೇ ಸರಿ ಕಣೇ! ಬದುಕಿದ್ದಾಳೆ!” ಎಂದು ಅಣ್ಣ ಕುಣಿದ.

ದೊಡ್ಡಮ್ಮ ಅಡುಗೆಮನೆಯಿಂದ ಇಣುಕಿದರು. “ಏನೋ ಅದು ಗಲಾಟೆ? ಗೆದ್ದಳಾ?”

“ಗೆದ್ದೆ, ದೊಡ್ಡಮ್ಮ.”

ಆ ಸಪ್ಪೆ ದನಿ ಕೇಳಿ ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಅವಳ ಪಕ್ಕ ಕೂತರು.

“ಅವಳು ಸತ್ತಿದ್ರೇ ಚೆನ್ನಾಗಿತ್ತು,” ಎಂದಳು ಅವಳು.

ಯಾರು ಎಂದು ದೊಡ್ಡಮ್ಮ ಕೇಳಲಿಲ್ಲ.