ಗೋಡೆ ತಟ್ಟಿದ ಸದ್ದು

ಓಣಿಯವರೆಲ್ಲ ಆಕೆಯನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ರವಿಕೆಯ ಅಳತೆ ತೆಗೆಯುತ್ತಲೇ ಗಿರಾಕಿಯ ಸಂಸಾರದ ಅಳತೆಯನ್ನೂ ತೆಗೆದುಬಿಡುವ ಹೆಂಗಸು, ಬಾಯಿ ಬಿಟ್ಟರೆ ಮುಚ್ಚುವವಳಲ್ಲ. ಅಂಥವಳು ಅಂದು ಪೊಲೀಸ್ ಠಾಣೆಯ ಬೆಂಚಿನ ಮೇಲೆ ತುಟಿಪಿಟಕ್ಕೆನ್ನದೆ ಕೂತಿದ್ದಳು.

ಪಕ್ಕದ ಮನೆಯ ಹುಡುಗಿ ತೀರಿಕೊಂಡಿದ್ದಳು. ಗಂಡ ಬಿಟ್ಟುಹೋದ ಮೇಲೆ ಒಬ್ಬಳೇ ಇದ್ದವಳು, ಊಟ ನಿದ್ದೆ ಎರಡೂ ಬಿಟ್ಟು ಅರ್ಧ ಆಗಿದ್ದಳು. ನಿದ್ದೆ ಮಾತ್ರೆ ಬೇಕೆಂದೇ ಹೆಚ್ಚು ನುಂಗಿದಳೋ, ಕೈತಪ್ಪಿ ಹೆಚ್ಚಾಯಿತೋ, ಯಾರಿಗೂ ಗೊತ್ತಿರಲಿಲ್ಲ.

ಎರಡು ಮನೆಗೂ ನಡುವೆ ಒಂದೇ ಗೋಡೆ. ಟೈಲರಮ್ಮನ ಮಿಷನ್ನು ಆ ಗೋಡೆಗೆ ಆತುಕೊಂಡೇ ಇತ್ತು. ಹುಡುಗಿಗೆ ತಲೆನೋವು ಬಂದರೆ ಗೋಡೆ ತಟ್ಟುವುದು, ಇವಳು ಹೊಲಿಗೆ ನಿಲ್ಲಿಸುವುದು ಎಂದು ಇಬ್ಬರೂ ನಗುನಗುತ್ತಲೇ ಮಾತಾಡಿಕೊಂಡಿದ್ದರು. ಬರಬರುತ್ತ ತಟ್ಟುವುದು ದಿನನಿತ್ಯದ ಗೋಳಾಯಿತು. ತೀರಿಕೊಂಡ ದಿನ ಮಧ್ಯಾಹ್ನವೂ ತಟ್ಟಿದಳು. ಶಾಲೆಯ ಯೂನಿಫಾರಂಗಳು ರಾಶಿ ಬಿದ್ದಿದ್ದವು. "ಇವಳ ತಲೆನೋವು ನೋಡ್ತಾ ಕೂತ್ರೆ ನನ್ನ ಹೊಟ್ಟೆ ತುಂಬುತ್ತಾ?" ಎಂದು ಟೈಲರಮ್ಮ ಪೆಡಲನ್ನು ಇನ್ನೂ ಜೋರಾಗಿ ತುಳಿದಳು.

"ಆವತ್ತು ಏನಾದ್ರೂ ಕೇಳಿಸ್ತೇನಮ್ಮ?" ಠಾಣೆಯ ಸಾಹೇಬರು ಕೇಳಿದರು.

"ಇಲ್ಲ ಸಾರ್."

ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಹೇಸಿಗೆಯಾಯಿತು.

ಮೂಲೆಯಲ್ಲಿ ಕೂತಿದ್ದ ಹುಡುಗಿಯ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಬಿಡಿ ಸಾರ್, ಇನ್ನೇನು ಕೇಳ್ತೀರಿ? ಬದುಕೋ ಆಸೆ ಇದ್ದಿದ್ರೆ ಯಾರನ್ನಾದ್ರೂ ಕರೀತಿದ್ಳು. ಹೆತ್ತವಳೂ ಬೇಡ ಅಂದ್ಕೊಂಡೇ ಹೋದ್ಳು."

ಟೈಲರಮ್ಮ ಅವಳತ್ತ ನೋಡಿದಳು. ಸುಮ್ಮನಿದ್ದರೆ ತಾನು ಬಚಾವು. ಆದರೆ ಈ ಮುದುಕಿ, ಮಗಳಿಗೆ ನಾನು ಬೇಡವಾದೆ ಎಂದುಕೊಂಡೇ ಉಳಿದ ಆಯುಷ್ಯ ಕಳೆಯಬೇಕು. ಟೈಲರಮ್ಮ ಎದ್ದು ಹೋಗಿ ಅವಳ ಕಾಲ ಬಳಿ ಕೂತಳು.

"ಕರೆದ್ಳು ಅಮ್ಮಾ. ಗೋಡೆ ತಟ್ಟಿದ್ಳು. ತಲೆನೋವಿರ್ಬೇಕು ಅಂತ ನಾನೇ ಹೋಗ್ಲಿಲ್ಲ. ಪಾಪಿ ನಾನು."

ಸಾಹೇಬರ ಪೆನ್ನು ನಿಂತಿತು. ಮುದುಕಿ ಹೊಡೆಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ಟೈಲರಮ್ಮ ತಲೆ ತಗ್ಗಿಸಿ ಕಾದಳು. ಮುದುಕಿ ಅವಳ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮುದುಕಿಯ ಮುಖದಲ್ಲಿ ಆಸೆಯಂಥದ್ದೇನೋ ಮೂಡಿತ್ತು.

"ಕರೆದ್ಳಾ? ತುಂಬಾ ಹೊತ್ತು ತಟ್ಟಿದ್ಳಾ ತಾಯಿ?"

"ಗೊತ್ತಿಲ್ಲ ಅಮ್ಮಾ," ಎಂದಳು ಟೈಲರಮ್ಮ. "ಮಿಷನ್ ಸದ್ದಲ್ಲಿ ಆಮೇಲೆ ನಂಗೇನೂ ಕೇಳಿಸ್ಲಿಲ್ಲ."